ಬಿಳಿ ಕರಡಿಗೆ ಯಾವ ಬಣ್ಣ?

ಹನ್ನೆರಡು ಬಣ್ಣದ ಕ್ರೇಯಾನ್ ಡಬ್ಬಿ ಮನೆಗೆ ಬಂದು ಒಂದೆರಡು ತಿಂಗಳಾದ ಮೇಲೆ ತೆರೆದು ನೋಡಿ. ಕೆಂಪು ಅರ್ಧಕ್ಕೆ ಮುರಿದಿರುತ್ತದೆ, ಹಸಿರು ಸವೆದು ಉಗುರಿನಷ್ಟಾಗಿರುತ್ತದೆ, ಕಪ್ಪು ಮಂಚದ ಕೆಳಗೆಲ್ಲೋ ಸೇರಿಕೊಂಡಿರುತ್ತದೆ. ಬಿಳಿ ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ, ಸುತ್ತಿದ ಕಾಗದವೂ ಹರಿಯದೆ ಮಲಗಿರುತ್ತದೆ. ಬಿಳಿ ಹಾಳೆಯ ಮೇಲೆ ಅದಕ್ಕೇನು ಕೆಲಸ? ಇಂಥ ಮನೆಗೆ ಒಂದು ದಿನ ಹಿಮಕರಡಿಯ ಗೆರೆಚಿತ್ರ ಬರುತ್ತದೆ. ಶಾಲೆಯಲ್ಲಿ ಟೀಚರ್ ಕೊಟ್ಟದ್ದೋ, ರಜೆಯಲ್ಲಿ ಮಗು ಒಂದು ಗಳಿಗೆ ಕೂತುಕೊಳ್ಳಲಿ ಎಂದು ಅಪ್ಪ ಮೊಬೈಲಿನಲ್ಲಿ ಹುಡುಕಿ ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದೋ ಇರುತ್ತದೆ. ಹಾಳೆ ಬಿಳಿ, ಕರಡಿ ಬಿಳಿ, ಕರಡಿ ನಿಂತ ನೆಲವೂ ಬಿಳಿ. ಮಗು ತಲೆಯೆತ್ತಿ ಕೇಳುತ್ತದೆ: "ಇದಕ್ಕೆ ಯಾವ ಬಣ್ಣ ಹಚ್ಚಲಿ?"

"ಬಿಳಿ ಕರಡಿ ಅಲ್ವಾ ಪುಟ್ಟಾ, ಹಾಗೇ ಬಿಡು" ಎಂದುಬಿಡುವುದು ಸುಲಭ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿದರೆ ಜೀವಶಾಸ್ತ್ರ, ಮುದ್ರಣದ ಚರಿತ್ರೆ, ಕರಗುತ್ತಿರುವ ಕಡಲು ಎಲ್ಲವೂ ಒಂದು ಎ4 ಹಾಳೆಯ ಮೇಲೆ ಬಂದು ಕೂರುತ್ತವೆ. ನಮ್ಮ ಮಕ್ಕಳಲ್ಲಿ ಬಹುತೇಕರು ಜೀವಂತ ಹಿಮಕರಡಿಯನ್ನು ಎಂದೂ ನೋಡುವುದಿಲ್ಲ. ಅವರ ಮಟ್ಟಿಗೆ ಆ ಕರಡಿ ಎಂದರೆ ಈ ಹಾಳೆಯೇ. ಆದ್ದರಿಂದಲೇ ಹಾಳೆ ಸುಳ್ಳು ಹೇಳಬಾರದು ಎಂಬುದು ನನ್ನ ಹಟ.

ಬಣ್ಣ ತುಂಬುವ ಪುಸ್ತಕಗಳು ಮಕ್ಕಳ ಕೈಗೆ ಬಂದು ಒಂದೂವರೆ ಶತಮಾನ ಕಳೆದಿಲ್ಲ. ನ್ಯೂಯಾರ್ಕಿನ ಮೆಕ್‌ಲಾಗ್ಲಿನ್ ಬ್ರದರ್ಸ್ ಎಂಬ ಪ್ರಕಾಶಕರು 1880ರ ಆಸುಪಾಸಿನಲ್ಲಿ ಕೇಟ್ ಗ್ರೀನವೇ ಅವರ ಚಿತ್ರಗಳನ್ನಿಟ್ಟು ಇಂಥ ಪುಸ್ತಕ ತಂದರು. ಆಗ ತುಂಬಬೇಕಾಗಿದ್ದುದು ಜಲವರ್ಣ, ಅಂದರೆ ಕುಂಚ, ನೀರು, ದೊಡ್ಡವರ ಕಾವಲು ಎಲ್ಲ ಬೇಕು. 1903ರಲ್ಲಿ ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಕಂಪನಿ ಐದು ಸೆಂಟಿಗೆ ಎಂಟು ಕಡ್ಡಿಯ ಕ್ರೇಯೋಲಾ ಡಬ್ಬಿ ಮಾರತೊಡಗಿದ ಮೇಲೆ ಬಣ್ಣ ಹಚ್ಚುವುದು ಮಕ್ಕಳು ತಾವೇ ಮಾಡಿಕೊಳ್ಳುವ ಕೆಲಸವಾಯಿತು. ಆ ಎಂಟರಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಕಂದು, ಕಪ್ಪು ಇದ್ದವು. ಬಿಳಿ ಇರಲಿಲ್ಲ.

ಇನ್ನು ಕರಡಿಯ ಬಣ್ಣ.

ಹಿಮಕರಡಿಯ ಹೊರಪದರದ ಉದ್ದ ಕೂದಲೊಂದನ್ನು ಬೆಳಕಿಗೆ ಹಿಡಿದರೆ ಅದರಲ್ಲಿ ಬಿಳಿ ಎಂಬುದೇ ಇಲ್ಲ. ಅದು ಬಣ್ಣವಿಲ್ಲದ, ಒಳಗೆ ಟೊಳ್ಳಾದ ಕೊಳವೆ. ಅಂಥ ಸಾವಿರಾರು ಕೂದಲುಗಳ ಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ. ಹಿಮ ಬಿಳಿಯಾಗಿ ಕಾಣುವುದೂ ಬೆಳಕು ಹೀಗೆ ಚದುರುವುದರಿಂದಲೇ. ಉದ್ದ ಕೂದಲಿನ ಅಡಿಯಲ್ಲಿ ಒತ್ತೊತ್ತಾದ ಗಿಡ್ಡ ಕೂದಲಿನ ಪದರ, ಅದರಡಿ ಚರ್ಮ. ಚರ್ಮ ಕಪ್ಪು. ಮೂಗು, ತುಟಿ, ಅಂಗಾಲಿನ ಮೆತ್ತೆಗಳಲ್ಲಿ ಆ ಕಪ್ಪು ಹೊರಗೆ ಕಾಣಿಸಿಕೊಳ್ಳುತ್ತದೆ. ಆಗಷ್ಟೇ ಹುಟ್ಟಿದ ಮರಿಯ ಚರ್ಮ ಮಾತ್ರ ಗುಲಾಬಿ, ಬೆಳೆಯುತ್ತಾ ಕಪ್ಪಾಗುತ್ತದೆ. ಅಂದರೆ ಗೆರೆಚಿತ್ರದಲ್ಲಿ ಮೂಗಿಗೆ ಕಪ್ಪು ಹಚ್ಚುವ ಮಗು ಇಡೀ ಕರಡಿಯ ನಿಜವಾದ ಮೈಬಣ್ಣಕ್ಕೆ ಕೈ ಹಾಕಿರುತ್ತದೆ.

1974ರಲ್ಲಿ ಡೇವಿಡ್ ಲವೀನ್ ಮತ್ತು ನಿಲ್ಸ್ ಓರಿಟ್ಸ್‌ಲಾಂಡ್ ಎಂಬ ಸಂಶೋಧಕರು ಅತಿನೇರಳೆ ಕಿರಣ ಹಿಡಿಯುವ ಛಾಯಾಚಿತ್ರಗಳಲ್ಲಿ ಹಿಮಕರಡಿ ಕಪ್ಪಾಗಿ ಮೂಡುವುದನ್ನು ತೋರಿಸಿದರು. ಬಿಳಿ ಹಿಮದ ಮೇಲೆ ಕಪ್ಪು ಕರಡಿ! ಇದರ ಬೆನ್ನಿಗೇ ಒಂದು ಸೊಗಸಾದ ಊಹೆ ಹುಟ್ಟಿಕೊಂಡಿತು: ಟೊಳ್ಳು ಕೂದಲು ಸೂರ್ಯನ ಅತಿನೇರಳೆ ಬೆಳಕನ್ನು ಹಿಡಿದು ಕಪ್ಪು ಚರ್ಮಕ್ಕೆ ಸಾಗಿಸಿ ಮೈ ಬಿಸಿ ಮಾಡುತ್ತದೆ ಎಂದು. ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಇದು ಇಂದಿಗೂ ಅಚ್ಚಾಗುತ್ತಿದೆ. ಆದರೆ 1998ರಲ್ಲಿ ಭೌತವಿಜ್ಞಾನಿ ಡೇನಿಯಲ್ ಕೂನ್ ಕೂದಲನ್ನೇ ಇಟ್ಟುಕೊಂಡು ಅಳೆದು ನೋಡಿದಾಗ ಆ ಅತಿನೇರಳೆ ಬೆಳಕು ಚರ್ಮದವರೆಗೆ ತಲುಪುವುದೇ ಇಲ್ಲ ಎಂದು ಗೊತ್ತಾಯಿತು. ಕೂದಲು ಅದನ್ನು ದಾರಿಯಲ್ಲೇ ಹೀರಿಬಿಡುತ್ತದೆ. ಗೆರೆಚಿತ್ರದ ಕೆಳಗೆ "ನಿಮಗೆ ಗೊತ್ತೇ?" ಎಂಬ ಚೌಕ ಹಾಕುವವರು ದಯವಿಟ್ಟು ಆ ಹಳೆಯ ಊಹೆಯನ್ನು ಕೈಬಿಡಬೇಕು.

ಹಸಿರು ಕರಡಿಯ ಕಥೆಯನ್ನು ಮಾತ್ರ ಧಾರಾಳವಾಗಿ ಹಾಕಬಹುದು, ಏಕೆಂದರೆ ಅದು ನಡೆದದ್ದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದ ಹಿಮಕರಡಿಗಳ ಮೈ ಹಸಿರಿಗೆ ತಿರುಗಿತು. ತೊಳೆದರೂ ಹೋಗಲಿಲ್ಲ. ರಾಲ್ಫ್ ಲೆವಿನ್ ಮತ್ತು ಫಿಲಿಪ್ ರಾಬಿನ್ಸನ್ ಕೂದಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಪಾಚಿ ಕೂದಲಿನ ಮೇಲಲ್ಲ, ಒಳಗೆ ಬೆಳೆದಿತ್ತು. ಟೊಳ್ಳಿನೊಳಗೆ ಸೇರಿ, ಬೆಚ್ಚಗೆ, ತೇವದಲ್ಲಿ ಸಂಸಾರ ಹೂಡಿತ್ತು. 1979ರಲ್ಲಿ ಅವರು ಇದನ್ನು ಪ್ರಕಟಿಸಿದರು. 2004ರಲ್ಲಿ ಸಿಂಗಪುರದ ಮೃಗಾಲಯದಲ್ಲಿಯೂ ಹೀಗೇ ಆಯಿತು. ಅಲ್ಲಿನ ಷೀಬಾ ಎಂಬ ತಾಯಿ ಕರಡಿ, ಇನುಕಾ ಎಂಬ ಅದರ ಮಗ, ಇಬ್ಬರೂ ಹಸಿರು. ಇನುಕಾ 1990ರ ಡಿಸೆಂಬರ್ 26ರಂದು ಸಿಂಗಪುರದಲ್ಲೇ ಹುಟ್ಟಿದ್ದ. ಉಷ್ಣವಲಯದಲ್ಲಿ ಹುಟ್ಟಿದ ಮೊದಲ ಹಿಮಕರಡಿ. ಹಿಮ ಎಂದರೇನೆಂದು ತಿಳಿಯದೆ 27 ವರ್ಷ ಬದುಕಿ 2018ರ ಏಪ್ರಿಲ್‌ನಲ್ಲಿ ತೀರಿಕೊಂಡ. ಮುಪ್ಪಿನಲ್ಲಿ ನಡೆಯಲಾರದೆ ನರಳುತ್ತಿದ್ದ ಅವನಿಗೆ ದಯಾಮರಣ ಕೊಡಲಾಯಿತು. ಅವನ ನಂತರ ಹಿಮಕರಡಿ ಸಾಕುವುದನ್ನು ಆ ಮೃಗಾಲಯ ನಿಲ್ಲಿಸಿತು. ನನಗೆ ಈ ನಿರ್ಧಾರದ ಬಗ್ಗೆ ಗೌರವವಿದೆ.

ಆದ್ದರಿಂದ ಮಗು ಕರಡಿಗೆ ಹಸಿರು ಹಚ್ಚಿದರೆ ತಿದ್ದುವ ಮುನ್ನ ಇನುಕಾನನ್ನು ನೆನೆಯಿರಿ. ಹಳದಿ ಹಚ್ಚಿದರೂ ಸರಿಯೇ: ಸೀಲ್ ಎಂಬ ಕಡಲ ಪ್ರಾಣಿಯ ಕೊಬ್ಬು ತಿಂದು ತಿಂದು ಅದರ ಎಣ್ಣೆ ಅಂಟಿದ ಮೃಗಾಲಯದಾಚೆಯ ಕರಡಿ ಎಷ್ಟೋ ಸಲ ಮಾಸಲು ಹಳದಿಯಾಗಿಯೇ ಇರುತ್ತದೆ. ಇಳಿಬಿಸಿಲಲ್ಲಿ ಕಿತ್ತಳೆ. ಹಿಮದ ನೆರಳಿನಲ್ಲಿ ನೀಲಿ. ಬೇಸಿಗೆ ಶಿಬಿರವೊಂದರಲ್ಲಿ ಒಬ್ಬಳು ಹುಡುಗಿ ಕರಡಿಯ ಹೊಟ್ಟೆಗಷ್ಟೇ ತೆಳುವಾಗಿ ನೀಲಿ ತಿಕ್ಕಿದ್ದಳು. ಯಾಕಮ್ಮಾ ಎಂದರೆ, "ಈಗಷ್ಟೇ ನೀರಿಂದ ಎದ್ದು ಬಂದಿದೆ ಅಂಕಲ್, ಇನ್ನೂ ಒದ್ದೆ" ಎಂದಳು. ನಾನು ಕಂಡ ಹಿಮಕರಡಿ ಹಾಳೆಗಳಲ್ಲಿ ಅಷ್ಟು ಗಮನವಿಟ್ಟು ಬಣ್ಣ ಹಚ್ಚಿದ್ದು ಇನ್ನೊಂದಿಲ್ಲ.

ಕರಡಿ ಖಾಲಿ, ಸುತ್ತ ಬಣ್ಣ

ಹಿಮಕರಡಿಯ ಹಾಳೆಯಲ್ಲಿ ಒಂದು ವಿಶೇಷವಿದೆ. ಹುಲಿಯ ಚಿತ್ರ ಕೊಟ್ಟರೆ ಮಗು ಹುಲಿಗೆ ಬಣ್ಣ ಹಚ್ಚಿ ಎದ್ದುಹೋಗುತ್ತದೆ, ಕಾಡು ಹಾಗೇ ಉಳಿಯುತ್ತದೆ. ನವಿಲಾದರೂ ಅಷ್ಟೇ. ಹಿಮಕರಡಿಯಲ್ಲಿ ಪ್ರಾಣಿಗೆ ಹಚ್ಚಲೇಬೇಕಾದ ಬಣ್ಣವಿಲ್ಲದ್ದರಿಂದ ಮಗುವಿನ ಕೈ ತಾನಾಗಿ ಆಚೆ ಹೊರಳುತ್ತದೆ: ಆಕಾಶಕ್ಕೆ, ನೀರಿಗೆ, ಮಂಜುಗಡ್ಡೆಗೆ. ಸುತ್ತಲಿನದಕ್ಕೆ ಬಣ್ಣ ಬಿದ್ದಾಗಲೇ ಕರಡಿ ಎದ್ದು ಕಾಣುವುದು. ಕಡಲ ಮಂಜುಗಡ್ಡೆಯ ಸುದ್ದಿಯೆಲ್ಲ ಇದರಲ್ಲಿಯೇ ಇದೆ. ಸುತ್ತಲಿನದು ಇದ್ದರೆ ಕರಡಿ, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಆ ಸುತ್ತಲಿನದು ನಿಜಕ್ಕೂ ಹೇಗಿದೆ? ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ಹಡ್ಸನ್ ಕೊಲ್ಲಿಯ ದಂಡೆಯಲ್ಲಿ ಚರ್ಚಿಲ್ ಎಂಬ ಊರಿದೆ. ಒಂಬೈನೂರು ಜನವೂ ಇಲ್ಲ. ಅಲ್ಲಿಗೆ ರಸ್ತೆಯಿಲ್ಲ, ರೈಲು ಇಲ್ಲವೇ ವಿಮಾನ. ಹಡ್ಸನ್ ಕೊಲ್ಲಿಯ ಮಂಜುಗಡ್ಡೆ ಬೇಸಿಗೆಯಲ್ಲಿ ಪೂರ್ತಿ ಕರಗುತ್ತದೆ. ಆಗ ಕರಡಿಗಳು ದಂಡೆಗೆ ಬರಲೇಬೇಕು. ಬಂದ ಮೇಲೆ ಅವಕ್ಕೆ ಊಟ ಇಲ್ಲವೆಂದೇ ಹೇಳಬೇಕು. ಹಿಮಕರಡಿಯ ಬೇಟೆ ನಡೆಯುವುದು ಮಂಜುಗಡ್ಡೆಯ ಮೇಲೆ: ಸೀಲ್‌ಗಳು ಉಸಿರಾಡಲು ಗಡ್ಡೆಯಲ್ಲಿ ಕೊರೆದಿಟ್ಟುಕೊಂಡ ರಂಧ್ರದ ಪಕ್ಕ ಕರಡಿ ಗಂಟೆಗಟ್ಟಲೆ ಅಲ್ಲಾಡದೆ ಕಾಯುತ್ತದೆ, ಮೂತಿ ಮೇಲೆ ಬಂದ ಕ್ಷಣ ಹಿಡಿದೆಳೆಯುತ್ತದೆ. ತೆರೆದ ನೀರಿನಲ್ಲಿ ಸೀಲ್ ಅದಕ್ಕಿಂತ ಚುರುಕು. ಹೀಗಾಗಿ ದಂಡೆಯ ತಿಂಗಳುಗಳಲ್ಲಿ ಅದು ಮೈಯ ಕೊಬ್ಬನ್ನೇ ಕರಗಿಸಿಕೊಂಡು ಬದುಕಬೇಕು. ಚರ್ಚಿಲ್ ನದಿಯ ಸಿಹಿನೀರು ಕೊಲ್ಲಿಗೆ ಸೇರುವ ಕಡೆ ಮಂಜುಗಡ್ಡೆ ಬೇಗ ಕಟ್ಟುವುದರಿಂದ ಅಕ್ಟೋಬರ್, ನವೆಂಬರಿನಲ್ಲಿ ಕರಡಿಗಳು ಅಲ್ಲಿ ಬಂದು ಕಾಯುತ್ತವೆ.

ಈಗ ಚಿತ್ರ ಕಲ್ಪಿಸಿಕೊಳ್ಳಿ. ಜುಲೈನಲ್ಲಿ ದಂಡೆಯ ಉದ್ದಕ್ಕೂ ಗುಲಾಬಿ ಮಿಶ್ರಿತ ನೇರಳೆ ಬಣ್ಣದ ಫೈರ್‌ವೀಡ್ ಹೂವುಗಳು ಅರಳಿರುತ್ತವೆ, ಅವುಗಳ ನಡುವೆ ಕುತ್ತಿಗೆಯವರೆಗೆ ಮುಳುಗಿ ಕರಡಿ ಮಲಗಿರುತ್ತದೆ. ಅಕ್ಟೋಬರಿನಲ್ಲಿ ಗಿಡ್ಡ ವಿಲ್ಲೋ ಪೊದೆಗಳು ಕೆಂಪು, ಹಳದಿ, ಹುಲ್ಲು ಕಂದು, ಬಂಡೆ ಬೂದು. ಡಬ್ಬಿಯ ಹನ್ನೆರಡೂ ಬಣ್ಣಕ್ಕೆ ಅಲ್ಲಿ ಕೆಲಸವಿದೆ. ಕಡಲ ಗಡ್ಡೆಯೂ ಒಂದೇ ಬಿಳಿಯಲ್ಲ: ಆಗತಾನೇ ಕಟ್ಟಿದ ತೆಳು ಗಡ್ಡೆ ನೀರಿನ ಕಪ್ಪನ್ನು ತೋರಿಸುವ ಬೂದು, ಬೇಸಿಗೆಯಲ್ಲೂ ಕರಗದ ಕಡೆ ವರ್ಷಗಟ್ಟಲೆ ಉಳಿದದ್ದು ನೀಲಿ, ಬೇಸಿಗೆಯಲ್ಲಿ ಅದರ ಮೇಲೆ ನಿಲ್ಲುವ ಕರಗಿದ ನೀರಿನ ಹೊಂಡಗಳು ಹಸಿರುನೀಲಿ. ಮಾರುಕಟ್ಟೆಯ ಗೆರೆಚಿತ್ರಗಳಲ್ಲಿ ಇದೊಂದೂ ಇರುವುದಿಲ್ಲ. ಒಂದು ತುಂಡು ಗಡ್ಡೆ, ಅದರ ಮೇಲೆ ಮಫ್ಲರ್ ಸುತ್ತಿಕೊಂಡು ನಗುವ ಕರಡಿ, ಅಷ್ಟೇ.

ಚರ್ಚಿಲ್‌ನ ಮಕ್ಕಳಿಗೂ ಬಿಳಿ ಬಣ್ಣಕ್ಕೂ ಇನ್ನೊಂದು ನಂಟಿದೆ. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಅಲ್ಲಿ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳಲು ಹೋಗುತ್ತಾರೆ. ಅದೇ ಸಮಯಕ್ಕೆ ಊರ ಅಂಚಿನಲ್ಲಿ ಕರಡಿಗಳ ಓಡಾಟ. ಆ ರಾತ್ರಿ ಗಸ್ತಿನ ವಾಹನಗಳು ಊರನ್ನು ಸುತ್ತುವರಿಯುತ್ತವೆ. ಮಕ್ಕಳಿಗೆ ಬಿಳಿ ವೇಷ ಬೇಡ ಎನ್ನುತ್ತಾರೆ, ಕತ್ತಲಲ್ಲಿ ಕರಡಿಯೆಂದು ಕಂಡೀತು ಎಂದು. ಓಡಿಬಂದವರು ಒಳಸೇರಿಕೊಳ್ಳಲಿ ಎಂದು ಕಾರಿನ ಬಾಗಿಲಿಗೆ ಬೀಗ ಹಾಕದಿರುವುದು ಅಲ್ಲಿನ ರೂಢಿ. ಊರೊಳಗೆ ನುಗ್ಗಿದ ಕರಡಿಯನ್ನು ಹಿಡಿದಿಡಲು ಪ್ರತ್ಯೇಕ ಕಟ್ಟಡವೇ ಇದೆ, ಅಲ್ಲಿಂದ ಅದನ್ನು ದೂರ ಸಾಗಿಸಿ ಬಿಡುತ್ತಾರೆ. ಮುದ್ದು ಮುಖದ ಹಾಳೆಗಳಲ್ಲಿ ಕಾಣದ ಪ್ರಾಣಿ ಇದು: ಗಂಡಾದರೆ 350ರಿಂದ 700 ಕಿಲೋ ತೂಕ, 30 ಸೆಂಟಿಮೀಟರ್ ಅಗಲದ ಮುಂಗಾಲು, ಉದ್ದ ಕುತ್ತಿಗೆ, ಕಿರಿದಾದ ತಲೆ, ಪುಟ್ಟ ಕಿವಿ.

ಈ ಪಶ್ಚಿಮ ಹಡ್ಸನ್ ಕೊಲ್ಲಿಯ ಕರಡಿಗಳು 1980ರ ದಶಕದಲ್ಲಿ ಸುಮಾರು 1,200 ಇದ್ದವು. 2016ರ ಗಣತಿಯಲ್ಲಿ 842. 2021ರಲ್ಲಿ 618. ಗಡ್ಡೆ ಬೇಗ ಒಡೆದು ತಡವಾಗಿ ಕಟ್ಟುತ್ತಿರುವುದರಿಂದ ಅವುಗಳ ಉಪವಾಸ ಹಿಂದಿಗಿಂತ ಮೂರು ನಾಲ್ಕು ವಾರ ಉದ್ದವಾಗಿದೆ. ಇಡೀ ಉತ್ತರ ಧ್ರುವ ಪ್ರದೇಶದಲ್ಲಿ ಒಟ್ಟು 26,000ದಷ್ಟು ಹಿಮಕರಡಿಗಳಿರಬಹುದೆಂಬ ಅಂದಾಜಿದೆ, ಎಲ್ಲ ಕಡೆಯೂ ಇದೇ ವೇಗದಲ್ಲಿ ಕುಸಿಯುತ್ತಿಲ್ಲ. ಆದರೆ 1979ರಿಂದ ಉಪಗ್ರಹಗಳು ಅಳೆಯುತ್ತಿರುವ ಕಡಲ ಗಡ್ಡೆ 2012ರ ಸೆಪ್ಟೆಂಬರಿನಲ್ಲಿ 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು, ಮೊದಲ ವರ್ಷಗಳ ಸೆಪ್ಟೆಂಬರಿನಲ್ಲಿದ್ದುದರ ಅರ್ಧವೂ ಇರಲಿಲ್ಲ. ಆರು ವರ್ಷದ ಮಗುವಿಗೆ ಈ ಅಂಕಿಗಳೆಲ್ಲ ಬೇಡ. ಹಾಳೆಯಲ್ಲಿ ಕರಡಿಯ ಕಾಲ ಕೆಳಗೆ ಗಡ್ಡೆ ಇರಲಿ, ಗಡ್ಡೆಯಲ್ಲಿ ಒಂದು ರಂಧ್ರ ಇರಲಿ, ರಂಧ್ರದ ಕೆಳಗಿನ ನೀರಿನಲ್ಲಿ ಒಂದು ಸೀಲ್ ಇರಲಿ. ಉಳಿದದ್ದನ್ನು ಮಗುವೇ ಕೇಳುತ್ತದೆ.

ಪೆಂಗ್ವಿನ್ ಅಂತೂ ಬೇಡವೇ ಬೇಡ. ಹಿಮಕರಡಿ ಉತ್ತರದ ತುದಿಯದು, ಪೆಂಗ್ವಿನ್‌ಗಳ ಸಂಸಾರ ಹೆಚ್ಚುಕಡಿಮೆ ಪೂರ್ತಿ ದಕ್ಷಿಣದ್ದು. ಇವೆರಡನ್ನು ಒಂದೇ ಗಡ್ಡೆಯ ಮೇಲೆ ನಿಲ್ಲಿಸಿದ ಹಾಳೆಗಳಿಗೆ ಲೆಕ್ಕವಿಲ್ಲ. ಕರಡಿಗಳ ಹಿಂಡು ಒಟ್ಟಿಗೆ ಕೂತು ಆಕಾಶ ನೋಡುವ ದೃಶ್ಯವೂ 1993ರ ಕೋಕಾಕೋಲಾ ಜಾಹೀರಾತಿನಿಂದ ಮನೆಮಾತಾದದ್ದು. ಬೆಳೆದ ಹಿಮಕರಡಿ ವರ್ಷದ ಬಹುಪಾಲು ಒಂಟಿ.

ಗೆರೆ ಬೇಕೇ, ಬೇಡವೇ?

ಇಂಥ ಹಾಳೆಗಳನ್ನೇ ಬೇಡ ಎಂದವರಿದ್ದಾರೆ, ಅವರ ಮಾತಿನಲ್ಲಿ ತಿರುಳಿದೆ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ಕಲಾಶಿಕ್ಷಣ ಚಿಂತಕ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಪುಸ್ತಕದಲ್ಲಿ ಬಣ್ಣ ತುಂಬುವ ಪುಸ್ತಕಗಳನ್ನು ಬಲವಾಗಿ ವಿರೋಧಿಸಿದರು. ದೊಡ್ಡವರು ಬರೆದ ಅಚ್ಚುಕಟ್ಟಾದ ಹಕ್ಕಿಗೆ ಬಣ್ಣ ತುಂಬಿದ ಮಗು ತನ್ನ ಸೊಟ್ಟ ಹಕ್ಕಿಯನ್ನು ಬರೆಯಲು ನಾಚುತ್ತದೆ, ಸ್ವಂತ ಕಣ್ಣನ್ನು ನಂಬುವುದನ್ನು ಬಿಡುತ್ತದೆ ಎಂಬುದು ಅವರ ಆತಂಕ. "ನಂಗೆ ಬರೆಯಕ್ಕೆ ಬರಲ್ಲ, ನೀನೇ ಬರೆದುಕೊಡು" ಎಂದು ಮಕ್ಕಳು ಹಿಂದೆ ಬೀಳುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ನಾನು ಹಾಳೆಗಳ ಪರ, ಆದರೆ ಒಂದು ಷರತ್ತಿನ ಮೇಲೆ. ಮಗು ಮನೆಯ ಬೆಕ್ಕನ್ನು, ಅಂಗಳದ ದಾಸವಾಳವನ್ನು ಗೆರೆಯ ಸಹಾಯವಿಲ್ಲದೆ ತಾನೇ ಬರೆಯಬೇಕು. ಅವು ಕಣ್ಣೆದುರು ಇವೆ. ಕಂಡೇ ಇರದ ಪ್ರಾಣಿಗೆ ಬಲ್ಲವರು ಬರೆದ ಗೆರೆ ಬೇಕು. ಅಂಥ ಗೆರೆಯ ಮೇಲೆ ಬಣ್ಣದ ಕಡ್ಡಿ ಓಡಿಸುವಾಗ ಕುತ್ತಿಗೆಯ ಉದ್ದ, ಕಿವಿಯ ಗಾತ್ರ, ಪಾದದ ಅಗಲ ಕೈಗೆ ಹತ್ತುತ್ತವೆ. ಹಾಗಾಗಿ ಅದನ್ನು ಬರೆದವರು ಕರಡಿಯನ್ನು ಸರಿಯಾಗಿ ನೋಡಿದವರಾಗಿರಬೇಕು. ನ್ಯೂಯಾರ್ಕ್ ಅಕಾಡೆಮಿ ಆಫ್ ಮೆಡಿಸಿನ್‌ನ ಗ್ರಂಥಾಲಯ 2016ರಲ್ಲಿ ಆರಂಭಿಸಿದ ಅಭಿಯಾನವೊಂದರಲ್ಲಿ ಜಗತ್ತಿನ ಗ್ರಂಥಾಲಯ, ವಸ್ತುಸಂಗ್ರಹಾಲಯಗಳು ಪ್ರತಿ ಫೆಬ್ರುವರಿಯಲ್ಲಿ ತಮ್ಮ ಹಳೆಯ ಪುಸ್ತಕಗಳ ಕೆತ್ತನೆ ಚಿತ್ರಗಳನ್ನು ಬಣ್ಣ ತುಂಬುವ ಹಾಳೆಗಳಾಗಿ ಉಚಿತವಾಗಿ ಹಂಚುತ್ತವೆ. ಪ್ರಾಣಿಯನ್ನು ದಿಟ್ಟಿಸಿ ನೋಡಿ ಎಳೆದ ಗೆರೆಗಳು ಅಲ್ಲಿ ಸಿಗುತ್ತವೆ. ಅದೇ ತಿಂಗಳ 27 ಅಂತರರಾಷ್ಟ್ರೀಯ ಹಿಮಕರಡಿ ದಿನ. ತಾಯಿ ಕರಡಿ ಮರಿಗಳೊಂದಿಗೆ ಗವಿಯೊಳಗೆ ಇರುವ ಕಾಲವೆಂದೇ ಆ ದಿನವನ್ನು ಆರಿಸಿದ್ದಾರೆ. ಹುಟ್ಟುವಾಗ ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುವ ಮರಿ ಮಾರ್ಚ್, ಏಪ್ರಿಲಿನಲ್ಲಿ ಹೊರಗೆ ಬರುವಾಗ ಹತ್ತು ಕಿಲೋ ದಾಟಿರುತ್ತದೆ. ಅಷ್ಟೂ ತಿಂಗಳು ತಾಯಿ ಏನನ್ನೂ ತಿಂದಿರುವುದಿಲ್ಲ.

ಕರಡಿಯೊಂದಿಗೇ ಬದುಕುವ ಇನುಯಿಟ್ ಜನರ ಚಿತ್ರಗಳನ್ನು ನೋಡಿದರೆ ಈ ಬಿಳಿಯ ತೊಡಕಿಗೆ ಬೇರೆಯೇ ದಾರಿ ಕಾಣುತ್ತದೆ. ಕೆನಡಾದ ಉತ್ತರದ ಕಿನ್‌ಗೈಟ್ ಊರಿನಲ್ಲಿ 1950ರ ದಶಕದ ಕೊನೆಯಿಂದ ಕಲ್ಲು ಕೆತ್ತಿ, ಶಾಯಿ ಹಚ್ಚಿ, ಕಾಗದ ಒತ್ತಿ ತೆಗೆಯುವ ಅಚ್ಚುಚಿತ್ರಗಳ ದೊಡ್ಡ ಪರಂಪರೆ ಬೆಳೆದಿದೆ. ಅಂಥ ಎಷ್ಟೋ ಅಚ್ಚುಗಳಲ್ಲಿ ಹಿನ್ನೆಲೆಗೆ ಏನೂ ಇರುವುದಿಲ್ಲ, ಖಾಲಿ ಕಾಗದವೇ ಹಿಮ. ಅದೇ ಊರಿನ ಶಿಲ್ಪಿ ಪೌಟಾ ಸೈಲಾ ಕಲ್ಲಿನಲ್ಲಿ ಕಡೆದ ಕುಣಿಯುವ ಕರಡಿಗಳು ಜಗತ್ಪ್ರಸಿದ್ಧ. ಒಂದೇ ಕಾಲಿನ ಮೇಲೆ ಇಡೀ ಭಾರ ಹೊತ್ತು ನಿಂತ ಅವುಗಳಿಗೆ ಬಿಳಿಯ ಹಂಗೇ ಇಲ್ಲ.

ಮನೆಯಲ್ಲಿ ಮಾಡಿ ನೋಡಬಹುದಾದ ಕೆಲಸವೊಂದಿದೆ, ಬಳಸದೆ ಉಳಿದ ಆ ಬಿಳಿ ಕಡ್ಡಿಗೆ. ಗೆರೆಚಿತ್ರವನ್ನು ತೆಳು ಕಾಗದದ ಬದಲು ಡ್ರಾಯಿಂಗ್ ಹಾಳೆಯ ಮೇಲೆ ತೆಗೆಸಿ. ಜೆರಾಕ್ಸ್ ಅಥವಾ ಲೇಸರ್ ಪ್ರಿಂಟೇ ಆಗಬೇಕು: ಅದರ ಕಪ್ಪು ಪುಡಿ ಶಾಖಕ್ಕೆ ಕರಗಿ ಕಾಗದಕ್ಕೆ ಅಂಟಿಕೊಂಡಿರುತ್ತದೆ, ನೀರಿಗೆ ಬಿಡುವುದಿಲ್ಲ. ಮನೆಯ ಇಂಕ್‌ಜೆಟ್ ಯಂತ್ರದ್ದಾದರೆ ನೀರು ತಾಗಿದೊಡನೆ ಗೆರೆಯೆಲ್ಲ ಕದಡಬಹುದು. ಈಗ ಕರಡಿಯ ಮೈಗೆಲ್ಲ ಬಿಳಿ ಕ್ರೇಯಾನನ್ನು ಒತ್ತಿ ತಿಕ್ಕಲು ಮಗುವಿಗೆ ಹೇಳಿ. ಏನೂ ಕಾಣುವುದಿಲ್ಲ, ಮಗು ಗೊಣಗುತ್ತದೆ. ಬೀಳುತ್ತಿರುವ ಹಿಮಕ್ಕೆಂದು ಆಕಾಶದಲ್ಲೂ ನಾಲ್ಕಾರು ಚುಕ್ಕೆ ಒತ್ತಲಿ. ಆಮೇಲೆ ನೀರು ಜಾಸ್ತಿ ಬೆರೆಸಿದ ನೀಲಿ ಜಲವರ್ಣವನ್ನು ದಪ್ಪ ಕುಂಚದಿಂದ ಇಡೀ ಹಾಳೆಯ ಮೇಲೆ ಎಳೆಯಲಿ, ಕರಡಿಯನ್ನೂ ಬಿಡದೆ. ಮೇಣ ನೀರನ್ನು ದೂರ ತಳ್ಳುತ್ತದೆ. ಕರಡಿ ಬಿಳಿಯಾಗಿ ಮೇಲೇಳುತ್ತದೆ, ಚುಕ್ಕೆಗಳು ಹಿಮವಾಗುತ್ತವೆ. ಮೇಣ ಸರಿಯಾಗಿ ಹತ್ತದ ಕಡೆ ನೀಲಿ ನುಸುಳಿ ಅಲ್ಲಲ್ಲಿ ನೆರಳಾಗುತ್ತದೆ. ಅದನ್ನು ಅಳಿಸಲು ಹೋಗಬೇಡಿ. ನೀರಿನ ರಗಳೆ ಬೇಡ ಎನ್ನುವವರು ತಿಳಿನೀಲಿ ಅಥವಾ ಬೂದು ಬಣ್ಣದ ಹಾಳೆಯ ಮೇಲೆ ಪ್ರಿಂಟ್ ತೆಗೆಸಿದರೆ ಸಾಕು. ಮೂರು ವರ್ಷದವರಿಗೆ ದಪ್ಪ ಗೆರೆ, ದೊಡ್ಡ ಜಾಗ. ಎಂಟು ದಾಟಿದವರಿಗೆ ಕೂದಲಿನ ಓಟ ತೋರಿಸುವ ಸಣ್ಣ ಗೆರೆ.

ನಮಗೆ ಹಿಮಕರಡಿಯ ನಾಡಿನೊಂದಿಗೆ ನೇರ ಸಂಬಂಧವೂ ಇದೆ. 2008ರ ಜುಲೈನಿಂದ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಕೆಲಸ ಮಾಡುತ್ತಿದೆ. ಅಲ್ಲಿ ವಸತಿ ಪ್ರದೇಶದಿಂದ ಹೊರಗೆ ಹೆಜ್ಜೆಯಿಡುವಾಗ ಕರಡಿಯನ್ನು ಹೆದರಿಸಿ ಓಡಿಸುವ ಸಲಕರಣೆ ಜೊತೆಗಿರಲೇಬೇಕು. ನಮ್ಮ ವಿಜ್ಞಾನಿಗಳಿಗೂ ವಿನಾಯಿತಿ ಇಲ್ಲ.

ಆದರೂ ನನ್ನನ್ನು ಕಾಡುವುದು ಇನ್ನೊಂದು ಕರಡಿ. ಹಿಮಕರಡಿಯ ಹಾಳೆ ಹುಡುಕಿದರೆ ನೂರಾರು ಸಿಗುತ್ತವೆ. ಹಂಪಿಯ ಮಗ್ಗುಲಲ್ಲೇ, ದರೋಜಿಯಲ್ಲಿ, 1994ರಿಂದ ಕರಡಿಗಳಿಗೆಂದೇ ಅಭಯಾರಣ್ಯವಿದೆ. ಅಲ್ಲಿನ ನಮ್ಮ ಕಪ್ಪು ಕರಡಿಯ ಒಳ್ಳೆಯ ಗೆರೆಚಿತ್ರ ಮಕ್ಕಳಿಗೆ ಸಿಗುವುದು ಅಪರೂಪ. ಇದನ್ನು ಬರೆಯುವವರಿಗೆ ತೊಡಕು ತಿರುವುಮುರುವು. ಮಗು ಕಪ್ಪು ಕಡ್ಡಿ ಹಿಡಿದು ತಿಕ್ಕತೊಡಗಿತೆಂದರೆ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ತೆಳುಬಣ್ಣದ ಮೂತಿ, ಎದೆಯ ಮೇಲಿನ ಕುದುರೆ ಲಾಳದಂಥ ಬಿಳಿ ಪಟ್ಟೆ, ಉದ್ದನೆಯ ತಿಳಿಬಣ್ಣದ ಉಗುರುಗಳು ಬೇರೆಯಾಗಿ ಎದ್ದು ಕಾಣುವಂತೆ ಗೆರೆ ಎಳೆಯಬೇಕು. ಮುಂದೆ ಒಂದು ಗೆದ್ದಲ ಹುತ್ತ ಇರಲಿ. ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿನಿಂದಲೇ ಗೆದ್ದಲನ್ನು ಜೋರಾಗಿ ಹೀರಿಕೊಳ್ಳುತ್ತದೆ. ಹಿಂದೆ ಆ ಸೀಮೆಯ ಗುಂಡುಬಂಡೆಗಳು, ಅವಕ್ಕೆ ಕಿತ್ತಳೆ, ಕಂದು, ಬೂದು. ತಾಯಿಯ ಬೆನ್ನ ಮೇಲೆ ಎರಡು ಮರಿ ಕೂರಿಸಿ. ಈ ಕರಡಿಗಳು ನಿಜಕ್ಕೂ ಮರಿಗಳನ್ನು ಹಾಗೆಯೇ ಹೊತ್ತು ತಿರುಗುತ್ತವೆ. ಮೂವರಿಗೂ ಕಪ್ಪು ಮೆತ್ತಿದರೆ ಯಾರೆಲ್ಲಿ ಎಂದು ಗೊತ್ತಾಗದು, ಅದಕ್ಕೆ ಮೂತಿ ಮತ್ತು ಎದೆಪಟ್ಟೆಯನ್ನು ಖಾಲಿ ಬಿಡಿ ಎಂದು ಹಾಳೆಯ ಕೆಳಗೆ ಒಂದು ಸಾಲು ಅಚ್ಚಾಗಿರಲಿ, ದೊಡ್ಡ ಅಕ್ಷರದಲ್ಲಿ, ಈಗಷ್ಟೇ ಓದಲು ಕಲಿತವರಿಗೂ ಕೂಡಿಸಿ ಓದಲಾಗುವಂತೆ.